ಒಂದೊಂದು ಹಿಮ್ಮಡಿಗೆ ಒಂದೊಂದು ಮುಲಾಮು

ಸನಮಡಿಯ ಕಾಳವ್ವನಿಗೆ ಹೊಟ್ಟೆಕಿಚ್ಚು ಹುಟ್ಟುಗುಣವಲ್ಲ. ಮೈದುನನ ಹೆಂಡತಿ ಇಂದ್ರಾಬಾಯಿ ಮುಲಾಮು ಕಾಯಿಸಲು ಶುರುಮಾಡಿದ ದಿನದಿಂದ ಹತ್ತಿಕೊಂಡದ್ದು. ದರಿಬಡಚಿಯಿಂದ ಸೊಸೆಯಾಗಿ ಬಂದ ಕಾಳವ್ವನಿಗೆ ಅತ್ತೆ ಕಲಿಸಿದ ದೊಡ್ಡ ವಿದ್ಯೆಯೆಂದರೆ ಅದೊಂದೇ: ರಾಳ, ಮೇಣ, ಕೊಬ್ಬರಿ ಎಣ್ಣೆ ಕೂಡಿಸಿ ಒಡೆದ ಹಿಮ್ಮಡಿಗೆ ಮುಲಾಮು ಮಾಡುವುದು. ಮೂವತ್ತು ವರ್ಷ ಊರ ಹೆಂಗಸರು ಅವಳ ಕಟ್ಟೆಯ ಮೇಲೆ ಕುಳಿತು ಕಾಲು ಚಾಚಿ "ಕಾಳವ್ವಕ್ಕಾ" ಎಂದರೆ ಅವಳಿಗೆ ಉಂಡಷ್ಟು ಸುಖ. ಈಗ ಅದೇ ಕಾಲುಗಳು ಅವಳ ಬಾಗಿಲು ದಾಟಿ ಪಕ್ಕದ ಬಾಗಿಲಿಗೆ ಹೋಗುತ್ತಿದ್ದವು. ಇಂದ್ರಾಬಾಯಿ ಹರಳೆಣ್ಣೆಗೆ ಅರಿಶಿನ ಹಾಕಿ ಅದೇನೋ ಕುದಿಸುತ್ತಾಳಂತೆ!

"ನನ್ನ ಒಲಿ ಮುಂದ ಕುಂತು ಕಲತಾಕಿ, ನನಗ ತಿರುಗಿ ನಿಂತಾಳ."

ದಿನವೂ ಇದೇ ಪುರಾಣ ಕೇಳಿ ಮೊಮ್ಮಗಳು ಉಮಾಶ್ರೀಗೆ ಸಾಕಾಯಿತು. ಅವಳು ಜತ್ತಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುವವಳು.

"ಆಯಿ, ಬೈದ್ರ ತಿಳಿಯಂಗಿಲ್ಲ. ಪರೀಕ್ಷಾ ಮಾಡೂಣು. ಹನ್ನೆರಡು ಮಂದಿ, ಒಬ್ಬೊಬ್ಬರ ಒಂದು ಕಾಲಿಗೆ ನಿಂದು, ಇನ್ನೊಂದಕ್ಕ ಇಂದ್ರಾ ಸಣ್ಣಾಯಿದು. ಯಾವ ಕಾಲಿಗೆ ಯಾವುದು ಅಂತ ನಾಣ್ಯ ಹಾರಿಸೂಣು."

"ಆರು ಮಂದಿಗೆ ನಂದು, ಆರು ಮಂದಿಗೆ ಆಕಿದು ಕೊಟ್ರ ಆಗಂಗಿಲ್ಲೇನು?"

"ಒಬ್ಬಾಕಿ ಹೊಲದಾಗ ದುಡೀತಾಳ, ಒಬ್ಬಾಕಿ ಮನ್ಯಾಗ ಇರ್ತಾಳ. ಎರಡೂ ಕಾಲು ಒಬ್ಬಾಕಿವ ಆದ್ರ ಕಲ್ಲು, ಮಣ್ಣು, ನೀರು ಎಲ್ಲಾ ಒಂದ."

"ಹಂಗಾದ್ರ ನನ್ನ ಕಾಲಷ್ಟ ನೋಡು, ಸಾಕು."

"ಮುಲಾಮು ಮಾಡಾಕಿ ಕಾಲು ಲೆಕ್ಕಕ್ಕ ಬ್ಯಾಡ. ಮತ್ತ, ಒಬ್ಬಾಕಿ ಕಾಲು ನೋಡಿ ಏನೂ ಹೇಳಾಕ ಬರಂಗಿಲ್ಲ."

ಕಾಳವ್ವ ಬಿಡುವ ಪೈಕಿಯೇ? ಉಮಾಶ್ರೀ ಅತ್ತ ತಿರುಗಿದಾಗ, ಪರೀಕ್ಷೆಗೆಂದು ತಂದಿಟ್ಟ ಇಂದ್ರಾಬಾಯಿಯ ಮುಲಾಮನ್ನು ತನ್ನ ಸುಣ್ಣದ ಡಬ್ಬಿಗೆ ತುಂಬಿಕೊಂಡಳು. ಬಲಗಾಲಿಗೆ ಅದು, ಎಡಗಾಲಿಗೆ ತನ್ನದು. ಹದಿನೈದು ದಿನ ಅವಳು ಊರ ಹೆಂಗಸರ ಮುಖ ನೋಡಲಿಲ್ಲ, ಹಿಮ್ಮಡಿಯನ್ನೇ ನೋಡಿದಳು.

ಹದಿನಾರನೆಯ ದಿನ ಉಮಾಶ್ರೀ ಅಂಗಳದಲ್ಲಿ ಹೆಂಗಸರನ್ನು ಕೂರಿಸಿ, ಬಿರುಕುಗಳನ್ನು ಅಳೆದು, ಒಬ್ಬೊಬ್ಬರ ಎರಡು ಕಾಲಿನ ವ್ಯತ್ಯಾಸ ಬರೆದು ಲೆಕ್ಕ ಮಾಡಿದಳು.

"ಏಳು ಮಂದಿಗೆ ಸಣ್ಣಾಯಿದು ತುಸು ಮುಂದ, ಐದು ಮಂದಿಗೆ ಆಯಿದು. ಇಷ್ಟು ಫರಕು ಸುಮ್ಮನ ನಾಣ್ಯ ಹಾರಿಸಿದ್ರೂ ಬರ್ತೈತಿ. ಯಾವುದು ಹೆಚ್ಚಂತ ಇದರ ಮ್ಯಾಲ ಹೇಳಾಕ ಬರಂಗಿಲ್ಲ."

"ಅಕ್ಕಾರ ಸರಿಸಮ ನಿಂತೆ, ನನಗ ಅಷ್ಟ ಸಾಕ್ರಿ," ಎಂದು ಇಂದ್ರಾಬಾಯಿ ಕೈಮುಗಿದಳು.

"ಸರಿಸಮ ಅಂತನೂ ಹೇಳಿಲ್ಲ ಸಣ್ಣಾಯಿ," ಎಂದು ಉಮಾಶ್ರೀ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಕಾಳವ್ವನಿಗೆ ಮೈಯೆಲ್ಲ ಉರಿಯಿತು. ಸೋತಿದ್ದರೆ ಮೋಸವೆಂದು ಜಗಳ ತೆಗೆಯಬಹುದಿತ್ತು. ಮೂವತ್ತು ವರ್ಷದ ಕೈಗುಣ, ಮೊನ್ನೆ ಒಲೆ ಹೂಡಿದವಳ ಪಕ್ಕದಲ್ಲಿ ಬಂದು ನಿಂತಿತಲ್ಲ!

ಎಲ್ಲರೂ ಹೋದ ಮೇಲೆ ಅವಳು ಸೀರೆಯ ಅಂಚು ಸರಿಸಿ ಕುಳಿತಳು. ಉಮಾಶ್ರೀಯ ಕಣ್ಣು ಅಲ್ಲೇ ಬಿತ್ತು. ಎಡಗಾಲಿನಲ್ಲಿ ಬಿರುಕುಗಳು ಹಾಗೇ ಬಾಯಿ ಬಿಟ್ಟಿದ್ದವು. ಬಲಗಾಲಿನವು ಕೂಡಿಕೊಂಡಿದ್ದವು.

"ಆಯಿ! ಇದೇನು?"

"ಒಬ್ಬಾಕಿ ಕಾಲು ನೋಡಿ ಏನೂ ಹೇಳಾಕ ಬರಂಗಿಲ್ಲ ಅಂತ ನೀನ ಹೇಳಿದ್ದಿ," ಎಂದು ಕಾಳವ್ವ ಗದರಿದಳು. ಆಮೇಲೆ ಖಾಲಿಯಾದ ಸುಣ್ಣದ ಡಬ್ಬಿಯನ್ನು ಮೊಮ್ಮಗಳ ಕೈಗೆ ಕೊಟ್ಟು, ಪಕ್ಕದ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು.

"ಹೋಗು, ಇನ್ನಷ್ಟು ಇಸಗೊಂಡು ಬಾ. ನಿನಗ ಅಂತ ಹೇಳು."