ಕೊಡೆ ಕೆಳಗಿನ ಓವನ್

ಭಾನುವಾರ ನಾನು ಮಾಡಿದ್ದು ಇಷ್ಟು. ಬಾಗಿಲಿಗೆ ರಂಗೋಲಿ ಹಾಕಿದೆ (ಇಲ್ಲಿ ಕೋಲ ಅಂತಾರೆ). ಹಾಲು ಕಾಯಿಸಿದೆ. ಇಡ್ಲಿ ಹಿಟ್ಟು ರುಬ್ಬಿದೆ. ಎರಡು ಬಕೆಟ್ ಬಟ್ಟೆ ಒಗೆದೆ. ಗಂಡನ ಕನ್ನಡಕ ಹುಡುಕಿಕೊಟ್ಟೆ (ಎಂದಿನಂತೆ ದಿಂಬಿನ ಕೆಳಗಿತ್ತು). ಆಮೇಲೆ ಹಿತ್ತಲಿಗೆ ಹೋದರೆ, ಸೊಸೆ ಓವನ್ನಿಗೆ ಕೊಡೆ ಹಿಡಿದು ನಿಂತಿದ್ದಳು.

ಹೌದು, ಓವನ್ನಿಗೆ. ಸೇಲಂನ ನಮ್ಮ ಮನೆಯಲ್ಲಿ, ಒಗೆಯೋ ಕಲ್ಲಿನ ಮೇಲೆ, ತುಂತುರು ಮಳೆಯಲ್ಲಿ.

ಸೊಸೆ ಕವಿತಾ ನಲ್ಲಂಪಳ್ಳಿ ಅನ್ನೋ ಊರ ಕಡೆಯವಳು. ಈ ಮನೆಗೆ ಬಂದು ಮೂರು ತಿಂಗಳು. ಓವನ್ ಅವಳ ತವರಿನವರು ಕೊಟ್ಟದ್ದು. ಅವತ್ತು ಮೊದಲ ಸಲ ಅಡುಗೆಯೆಲ್ಲ ಅವಳದ್ದೇ ಅಂತ ಮಾತಾಗಿತ್ತು. ವಂಜರಂ ಮೀನಿನ ತುಂಡುಗಳನ್ನು ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ, ಹುರಿದು, ಮೇಲೆ ಟೊಮೆಟೊ ಸಾಸು, ಅದರ ಮೇಲೆ ಚೀಸು. ಟ್ರೇ ಓವನ್ನಿಗೆ ಇಡೋ ಹೊತ್ತಿಗೆ ನನ್ನ ಗಂಡ ಬಂದರು.

“ಮೀನಾ? ಒಳಗಾ? ಪಕ್ಕದಲ್ಲೇ ಸಾಮಿ ಪೂಜೆ ರೂಮ್ ಐತಲ್ಲಮ್ಮ.”

ನಮ್ಮಲ್ಲಿ ಮೀನಿಗೆ ಬೇರೆ ಒಲೆ, ಬೇರೆ ಪಾತ್ರೆ, ಎಲ್ಲ ಹಿತ್ತಲಲ್ಲಿ. ಇಪ್ಪತ್ತೇಳು ವರ್ಷ ನಾನು ಅಲ್ಲೇ ಕೂತು ಬೇಯಿಸಿದ್ದೀನಿ. ಅದೇ ಅಭ್ಯಾಸಕ್ಕೆ ನಾನೇ ಹೇಳಿಬಿಟ್ಟೆ, “ಆಚೆ ಎತ್ಕೊಂಡು ಓಗಮ್ಮ, ಉದ್ದದ ವಯರ್ ಐತೆ.” (ಈ ಮಾತಿಗೆ ನನ್ನ ಮೇಲೂ ನನಗೆ ಸಿಟ್ಟಿದೆ.)

“ಸರಿ ಅತ್ತೆ” ಅಂದಳು. ಆ ‘ಸರಿ’ ಎಂಥದ್ದು ಅಂತ ಸೊಸೆಯಾಗಿದ್ದವರಿಗೆ ಗೊತ್ತು.

ಈಗ ಮಳೆ. ವಯರಿನ ಮೇಲೂ ಹನಿ. ಕರೆಂಟ್ ಹೊಡೆದರೆ ಅವಳ ಅಪ್ಪನಿಗೆ ನಾನು ಏನು ಹೇಳಲಿ? ಸಾಮಿಗೆ ಮೈಲಿಗೆ ಆಗ್ತಿತ್ತು ಅಂತಲೇ?

ಅಷ್ಟರಲ್ಲಿ ಕಿಟಕಿಯಿಂದ ಗಂಡನ ದನಿ. “ಆಯ್ತಾ? ಚೀಸ್ ವಸಿ ಜಾಸ್ತಿ ಆಕು ಅನ್ನು.”

ನಾನು ಒಳಗೆ ಹೋಗಿ ಸ್ವಿಚ್ ಆರಿಸಿದೆ. ವಾಪಸ್ ಬಂದು ಪ್ಲಗ್ ಕಿತ್ತೆ. “ಬಟ್ಟೆ ಸುತ್ತಿ ಆ ಕಡೆ ಇಡ್ಕೊ” ಅಂದೆ. ಇಬ್ಬರೂ ಓವನ್ ಎತ್ತಿಕೊಂಡು ಅಡುಗೆಮನೆಗೆ ನಡೆದೆವು.

“ಲೇ, ಒಳಕ್ಕೆ ತರ್ತೀಯಾ? ಅಮ್ಮ ಇದ್ದಿದ್ರೆ ಏನಂದಿರೋಳು?”

“ಅತ್ತೆ ಇದ್ದಿದ್ರೆ ನಿಮ್ಮನ್ನೂ ಹಿತ್ತಲಲ್ಲೇ ಕೂರಿಸಿ ಉಣ್ಣಿಸಿರೋಳು.”

ನಿಜ. ನನ್ನ ಅತ್ತೆ ಕಾಲದಲ್ಲಿ ಮೀನು ಬೇಯಿಸೋರೂ ಆಚೆ, ತಿನ್ನೋರೂ ಆಚೆ. ಮನೆಗೆ ಟಿವಿ ಬಂತು. ಕ್ರಿಕೆಟ್ ನೋಡೋಕೆ ಅಂತ ಗಂಡಸರ ತಟ್ಟೆ ನಡುಮನೆಗೆ ಬಂತು. ಸಾಮಿ ಅದಕ್ಕೇನೂ ಅನ್ನಲಿಲ್ಲ. ಒಲೆ ಮಾತ್ರ ಅಲ್ಲೇ ಉಳಿಯಿತು, ಜೊತೆಗೆ ನಾನೂ. ನಿಯಮ ಅಂದರೆ ಇಷ್ಟೇನಾ? ಅನುಕೂಲ ಇದ್ದವರಿಗೆ ಸಡಿಲ, ಸೌಟು ಹಿಡಿದವರಿಗೆ ಬಿಗಿ?

ಓವನ್ ಅಡುಗೆಮನೆಯಲ್ಲಿಟ್ಟು ಮತ್ತೆ ಹಚ್ಚಿದೆವು. ಕವಿತಾ ಮಾತಾಡಿದಳು. “ಅತ್ತೆ, ಮೇಲೆ ಚೆನ್ನಾಗಿ ಕೆಂಪಗಾಗೋವರ್ಗೂ ಬುಡೋಣ.”

ಬಿಟ್ಟೆವು.

ಮಧ್ಯಾಹ್ನಕ್ಕೆ ಅನ್ನ, ರಸ, ಆ ಮೀನು. ಅಂಚು ಸ್ವಲ್ಪ ಸೀದಿತ್ತು, ರುಚಿಯಾಗಿತ್ತು. ಡ್ಯೂಟಿಗೆ ಹೋದ ಮಗನಿಗೆ ಎರಡು ತುಂಡು ಎತ್ತಿಟ್ಟೆವು. ನಾನು ಒಂದು, ಕವಿತಾ ಒಂದು. ಗಂಡ ನಾಲ್ಕು.

ಮೊದಲು ನಿದ್ದೆ ಹೋದವರೂ ಅವರೇ, ನಡುಮನೆ ಸೋಫಾದಲ್ಲಿ, ಸಾಮಿ ಪಟದ ಕೆಳಗೆ, ಬಾಯಿ ಕೂಡ ಮುಕ್ಕಳಿಸದೆ.