ಐದು ಬಾಟ್ಲಿಯ ಬಿಳಿ

ಮಣಿಯಕ್ಕನ ಬಾಟ್ಲಿ ಮುಟ್ಟೋ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅವಳ ಮನೆಯ ಮುಂದಿನ ಕೋಣೆಯಲ್ಲೇ ನಮ್ಮಿಬ್ಬರ ಕೆಲಸ. ಬಾಗಿಲ ಕಡೆ ನನ್ನ ಹೊಲಿಗೆ ಮೆಷಿನ್ನು, ಕಿಟಕಿ ಕಡೆ ಅವಳ ಮರದ ಚೌಕಟ್ಟು. ನಾನು ಬಟ್ಟೆ ಹೊಲಿದು ಕೊಟ್ಟರೆ ಅವಳು ಅದರ ಮೇಲೆ ಸೂಜಿಯಲ್ಲಿ ಮಣಿ ಕೂರಿಸುತ್ತಿದ್ದಳು. ಅದಕ್ಕೇ ಮಣಿಯಕ್ಕ. ಹುಟ್ಟಿದಾಗ ಇಟ್ಟ ಹೆಸರು ಅವಳಿಗೇ ನೆನಪಿತ್ತೋ ಇಲ್ಲವೋ, ದೇವರೇ ಬಲ್ಲ.

ಮಣಿ ಅಂದರೆ ಸಾಸಿವೆಗಿಂತ ಸಣ್ಣದು, ಕೆಮ್ಮಿದರೆ ಹಾರಿಹೋಗೋದು. ಅವನ್ನೆಲ್ಲ ಔಷಧಿಯ ಪುಟ್ಟ ಪುಟ್ಟ ಬಾಟ್ಲಿಗಳಲ್ಲಿ ತುಂಬಿಡುತ್ತಿದ್ದಳು. ಬಿಳಿ ಒಂದಕ್ಕೇ ಐದು ಬಾಟ್ಲಿ! ಅಂಗಡಿಗೆ ಒಂದೊಂದು ಸಲ ಬರೋ ಮಾಲಿನ ಬಿಳುಪು ಒಂದೊಂದು ಥರ. ಒಂದು ಹಾಲಿನ ಹಾಗೆ, ಒಂದು ಚೂರು ಹಳದಿ, ಇನ್ನೊಂದಕ್ಕೆ ಬೂದಿ ಬಡಿದಂತೆ. ಬೆರಳ ತುದಿಯಲ್ಲಿ ಹಿಡಿದರೆ ಎಲ್ಲವೂ ಒಂದೇ. ಸಾಲಾಗಿ ಕೂತು ಬಿಸಿಲಿಗೆ ಬಂದಾಗ ಬಂಡವಾಳ ಬಯಲಾಗುತ್ತೆ. ಗುರುತು ಸಿಗಲಿ ಅಂತ ಬಾಟ್ಲಿಗಳ ಕುತ್ತಿಗೆಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿದ್ದಳು. ಸಂಜೆ ತಟ್ಟೆಯಲ್ಲಿ ಉಳಿದ ಮಣಿಗಳು ಅದದೇ ಬಾಟ್ಲಿಗೆ ಹೋಗಬೇಕು. ಆಗ ಯಾರಾದರೂ ಮಾತಾಡಿಸಿದರೆ ಮುಗೀತು, ಉರಿದುಬೀಳೋಳು.

ಅವಳ ಗಂಡನನ್ನ ನಾನು ಭಾವ ಅಂತಲೇ ಕರೆಯೋದು. ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಉಗ್ರಾಣ ನೋಡಿಕೊಂಡಿದ್ದು ನಿವೃತ್ತರಾದವರು. ಒಂದೇ ಅಳತೆಯ ಸ್ಕ್ರೂ ಎರಡು ಡಬ್ಬಿಯಲ್ಲಿ ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಪಾಪ, ಬಂಗಾರದಂಥ ಮನುಷ್ಯ. ಆದರೆ ಹೆಂಡತಿಯ ಕೆಲಸದ ಕಡೆ ಒಂದು ದಿನವೂ ಕಣ್ಣೆತ್ತಿ ನೋಡಿದವರಲ್ಲ. ಆ ಕೊರಗು ಅವಳಿಗೆ ಇದ್ದೇ ಇತ್ತು. "ನಮ್ಮನೆಯವರಿಗೆ ನಟ್ಟು ಬೋಲ್ಟಿನ ಮೇಲಿರೋ ಪ್ರೀತಿ ನನ್ನ ಮೇಲಿಲ್ಲ ಕಣೇ" ಅಂತ ನಗೋಳು. ಅದು ಬರೀ ನಗೆಯಲ್ಲ ಅಂತ ನನಗೂ ಗೊತ್ತಿತ್ತು.

ಮಗಳ ಮದುವೆ ಗೊತ್ತಾಯಿತು. ಮಗಳಿಗೆ ಅಂತ ಒಂದು ಶಾಲು ಹಿಡಿದಳು. ಎರಡೂ ಅಂಚಿಗೆ ಹಾಲುಬಿಳುಪಿನ ಮಣಿಯ ಬಳ್ಳಿ. ಊರಿಗೆಲ್ಲ ಮಾಡಿಕೊಟ್ಟವಳು ಮಗಳಿಗೆ ಬಿಟ್ಟಾಳೆಯೇ? ಒಂದು ಅಂಚು ಮುಗಿಯುವಷ್ಟರಲ್ಲಿ ಸೂಜಿಯ ಕಣ್ಣೇ ಕಾಣದಂತಾಯಿತು. ಎರಡು ಕಣ್ಣಿಗೂ ಪೊರೆ. ಬೈದು ಬೈದು ಆಸ್ಪತ್ರೆಗೆ ಸೇರಿಸಿದೆವು. ಪೊರೆ ತೆಗೆಸಿದ ಮೇಲೆ ತಂಗಿಯ ಮನೆಯಲ್ಲಿ ಉಳಿದು ಸುಧಾರಿಸಿಕೊಂಡು ಬಂದಳು.

ಬಂದು ನೋಡಿದರೆ ಕಿಟಕಿ ಪಕ್ಕದಲ್ಲಿ ಹೊಸ ಮರದ ಪೆಟ್ಟಿಗೆ. ಅದರ ತುಂಬ ಪುಟ್ಟ ಪುಟ್ಟ ಡ್ರಾಯರು, ಒಂದೊಂದಕ್ಕೂ ಹಿತ್ತಾಳೆ ಗುಂಡಿ. ಭಾವ ತಮ್ಮ ಕೈಯಾರೆ ಮಾಡಿದ್ದು. ನಾನು "ಅಕ್ಕ ಬರಲಿ, ಕೇಳಿ ಮಾಡಿ" ಅಂತ ಬಡಕೊಂಡಿದ್ದೆ. ಕೇಳಬೇಕಲ್ಲ! ಮಗುವಿನ ಹಾಗೆ ಹಿಗ್ಗುತ್ತಾ ಡ್ರಾಯರು ಎಳೆದು ತೋರಿಸಿದರು. "ನೋಡು, ಕೆಂಪೆಲ್ಲ ಇಲ್ಲಿ, ನೀಲಿಯೆಲ್ಲ ಇಲ್ಲಿ. ಬಿಳಿಗೆ ಐದು ಬಾಟ್ಲಿ ಯಾಕೆ ಬೇಕಿತ್ತು? ಎಲ್ಲ ಒಂದರಲ್ಲೇ ಹಾಕಿದೀನಿ."

ಮಣಿಯಕ್ಕ ಆ ಡ್ರಾಯರಿಗೆ ಕೈ ಹಾಕಿ ಹಾಗೇ ನಿಂತಳು.

"ಇಷ್ಟು ವರ್ಷ ಈ ಕಡೆ ತಿರುಗಿ ನೋಡದವರು ಈಗ ಯಾಕ್ರೀ ನೋಡಿದ್ರಿ? ಮಗಳ ಶಾಲು ಹಾಳು ಮಾಡಿಬಿಟ್ರಲ್ರೀ! ನನ್ನ ಕೈ ಕಡಿದು ಹಾಕಿದ್ರೂ ಇಷ್ಟು ನೋವಾಗ್ತಿರ್ಲಿಲ್ಲ."

ಭಾವನ ಮುಖ ಸಣ್ಣಗಾಯಿತು. ಮಾರನೇ ದಿನ ತಟ್ಟೆಯಲ್ಲಿ ಬಿಳಿ ಸುರಿದುಕೊಂಡು, "ಇದು ಯಾವುದರದ್ದೇ, ಇದು?" ಅಂತ ಒಂದೊಂದೇ ಮಣಿ ಹಿಡಿದು ಕೇಳಲು ಕೂತರು. "ಮುಟ್ಟಬೇಡಿ ಅಂದೆನಲ್ಲ" ಅಂದಳು. ಭಾವ ಎದ್ದರು. ಪೆಟ್ಟಿಗೆಯ ಮಣಿಯನ್ನೆಲ್ಲ ಬಾಟ್ಲಿಗೆ ಸುರಿದು, "ತಗೋಮ್ಮ, ಗುಂಡಿ ಇಟ್ಟುಕೊಳ್ಳೋಕೆ ಆಗುತ್ತೆ" ಅಂತ ಖಾಲಿ ಪೆಟ್ಟಿಗೆಯನ್ನ ನನ್ನ ಮೆಷಿನ್ ಪಕ್ಕಕ್ಕೆ ತಂದಿಟ್ಟರು. ಆಮೇಲೆ ಆ ಕೋಣೆಯೊಳಗೆ ಕಾಲಿಡಲಿಲ್ಲ.

ಮಣಿಯಕ್ಕ ಕಪ್ಪು ಬಟ್ಟೆ ಹಾಸಿ ಬಿಳಿಗಳನ್ನ ಬೇರೆ ಮಾಡಲು ಕೂತಳು. ಹೊಸ ಕಣ್ಣು, ಚೆನ್ನಾಗಿಯೇ ಕಾಣುತ್ತಿತ್ತು. "ಮುಗಿದ ಅಂಚು ತಗೊಂಬಾರೇ, ಹೋಲಿಸಿ ನೋಡೋಣ" ಅಂದಳು. ಒಳಗಡೆ ಅಸ್ತರು ಹೊಲಿಯೋಕೆ ಅಂತ ನನ್ನ ಹತ್ತಿರವೇ ಇದ್ದ ಶಾಲನ್ನ ಬಿಸಿಲಿಗೆ ಹಿಡಿದೆ. ಅವಳು ನೋಡಿದಳು. ಇನ್ನೂ ಹತ್ತಿರ ತಂದು ನೋಡಿದಳು. ಹಾಲುಬಿಳುಪಿನ ನಡುನಡುವೆ ಹಳದಿ, ಅದರ ಪಕ್ಕ ಬೂದಿ. ನಾನೊಬ್ಬಳು ಪೆದ್ದಿ, ಅದನ್ನ ಡಿಸೈನು ಅಂತಲೇ ಅಂದುಕೊಂಡಿದ್ದೆ!

ಆ ಅಂಚು ಮುಗಿದದ್ದು ಆಸ್ಪತ್ರೆಗೆ ಹೋಗುವ ಮುಂಚೆ. ಭಾವ ಬಾಟ್ಲಿ ಮುಟ್ಟುವುದಕ್ಕೂ ಮುಂಚೆ.

"ದಾರದ ಬಣ್ಣ ಕಾಣ್ತಿರಲಿಲ್ಲ ಕಣೇ" ಅಂದಳು. "ಉಳಿದದ್ದನ್ನ ಯಾವ ಬಾಟ್ಲಿಗೆ ಹಾಕಿದೆನೋ ಏನೋ. ಬೆರೆಸಿದ್ದು ನಾನೇ."

"ಹಾಗಾದರೆ ಹೋಗಿ ಹೇಳಕ್ಕ ಭಾವನಿಗೆ, ಈಗಲೇ."

"ಹೇಳ್ತೀನಿ. ಮದುವೆ ಒಂದು ಕಳೀಲಿ. ನೀನು ಬಾಯಿ ಬಿಡಬೇಡ."

ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಗಂಡ ಹೆಂಡಿರ ನಡುವೆ ನಾನ್ಯಾಕೆ ಮೂಗು ತೂರಿಸಲಿ ಅಂತ ಸುಮ್ಮನಾದೆ. ಬಿಚ್ಚಿ ಹೊಲಿಯಲು ಹೊತ್ತಿರಲಿಲ್ಲ. ಎರಡನೇ ಅಂಚನ್ನ ಶುದ್ಧ ಹಾಲುಬಿಳುಪಿನಲ್ಲಿ ಮುಗಿಸಿದಳು. ಹಾಗಾಗಿ ಮೊದಲಿನ ಅಂಚು ಇನ್ನೂ ಎದ್ದು ಕಂಡಿತು.

ಮದುವೆಯ ದಿನ ಯಾರೋ ನೆಂಟರ ಹೆಂಗಸು ಶಾಲು ಹಿಡಿದು, "ಈ ಕಡೆ ಬಣ್ಣ ಯಾಕೋ ಹೆಚ್ಚುಕಮ್ಮಿ ಆದ ಹಾಗಿದೆ" ಅಂದಳು. ಭಾವ ಎಲ್ಲಿದ್ದರೋ ಓಡಿಬಂದರು. "ಅವಳ ಕೆಲಸದಲ್ಲಿ ಐಬಿಲ್ಲಮ್ಮ. ನಾನು ಹುಂಬ, ಮಣಿ ಬೆರೆಸಿಬಿಟ್ಟೆ" ಅಂತ ಎಲ್ಲರೆದುರು ನಕ್ಕರು. ಮಣಿಯಕ್ಕ ಅಲ್ಲೇ ನಿಂತಿದ್ದಳು. ನಾನು ಕಣ್ಣಲ್ಲೇ ತಿವಿದೆ. ಬಾಯಿಗೆ ಬೀಗ ಹಾಕಿಕೊಂಡವಳಂತೆ ನೆಲ ನೋಡಿದಳು.

ಅದಾದ ಮೇಲೆ ಯಾರು ಬಂದರೂ ಭಾವ ಅದೇ ಕಥೆ ಹೇಳೋರು. ಹೇಳುವಾಗೆಲ್ಲ ನಗೋರು. ನಗು ಮುಗಿದ ಮೇಲೆ ಸುಮ್ಮನೆ ಅಂಗೈ ನೋಡಿಕೊಳ್ಳೋರು. ಕಡೆಗೂ ಒಂದು ದಿನ ಮಣಿಯಕ್ಕ ತಡೆಯಲಾರದೆ ಜಗಲಿಯಲ್ಲಿ ಕೂತಿದ್ದ ಭಾವನ ಮುಂದೆ ಹೋಗಿ ನಿಂತಳು. ನಾನು ಮೆಷಿನ್ ತುಳಿಯೋದು ನಿಲ್ಲಿಸಿದೆ.

"ರೀ, ಶಾಲು ಕೆಡಿಸಿದ್ದು ನೀವಲ್ಲ, ನಾನು. ಕಣ್ಣು ಕಾಣದೆ ನಾನೇ ಬೆರೆಸಿದ್ದೆ. ಮಗಳ ಮನೆಗೆ ಹೋದಾಗ ತೋರಿಸ್ತೀನಿ."

ಭಾವ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನನ್ನ ಸಮಾಧಾನಕ್ಕೆ ಹೇಳ್ತಿದೀಯ, ನನಗೆ ಗೊತ್ತಾಗಲ್ವೇನೇ? ತೋರಿಸಿದರೂ ನನಗೆ ಎಲ್ಲಾ ಬಿಳೀನೂ ಒಂದೇ. ಅದು ನಿಜ ಆಗಿದ್ದರೆ ಅವತ್ತು ಅಷ್ಟು ಜನರೆದುರು ನಾನು ತಪ್ಪು ಒಪ್ಪಿಕೊಳ್ತಾ ಇದ್ದಾಗ ನೀನು ಸುಮ್ಮನೆ ನಿಂತಿರ್ತಿದ್ಯಾ? ನೀನು ಅಂಥವಳಲ್ಲ ಬಿಡು."