ಟವೆಲ್ಲಿಗೆ ಟಿಕೆಟ್ ಇಲ್ಲ

ಶಹಾಪುರದ ಕಾಲೇಜಿನಲ್ಲಿ ನಾನು ಅಂತರರಾಷ್ಟ್ರೀಯ ಕಾನೂನು ಪಾಠ ಮಾಡುತ್ತೇನೆ. ಪ್ರತಿ ವರ್ಷ ಸುರಪುರದ ಕಡೆಯವನೊಬ್ಬ ಎದ್ದು ನಿಂತು ಕೇಳುತ್ತಾನೆ: "ಸರ, ದೇಶಾನೇ ತಪ್ಪು ಮಾಡಿದ್ರ ಹಿಡಿಯೋ ಪೊಲೀಸ್ ಯಾರ್ರಿ?" ಯಾರೂ ಇಲ್ಲ ಎನ್ನುತ್ತೇನೆ. ಕ್ಲಾಸಿಗೆ ಕ್ಲಾಸೇ ನಗುತ್ತದೆ. ಎಲ್ಲರೂ ಬಹುಕಾಲ ಒಪ್ಪಿ ನಡೆದುಕೊಂಡು ಬಂದ ರೂಢಿಯೂ ಕಾನೂನೇ ಎಂದರೆ ಯಾರೂ ನಂಬುವುದಿಲ್ಲ. ಹಾಗಾಗಿ ಈಗ ಅವ್ವನ ಕತೆ ಹೇಳುತ್ತೇನೆ.

ಮೊಣಕಾಲು ನೋವಿನ ಅವ್ವನನ್ನು ಯಾದಗಿರಿಯಿಂದ ನನ್ನ ಮನೆಗೆ ಕರೆತರುತ್ತಿದ್ದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದೆ. ನಮ್ಮಲ್ಲಿ ಟವೆಲ್ ಬಿದ್ದ ಸೀಟು ಟವೆಲ್ಲಿನವನದು. ಎಲ್ಲೂ ಬರೆದಿಲ್ಲ, ಯಾರೂ ಮುರಿಯುವುದಿಲ್ಲ. ಅವ್ವನನ್ನು ಮೆಲ್ಲಗೆ ಹತ್ತಿಸಿಕೊಂಡು ಒಳಗೆ ಹೋದರೆ ಟವೆಲ್ ಮುಂದಿನ ಸರಳಿಗೆ ತೂಗಾಡುತ್ತಿತ್ತು, ಸೀಟಿನಲ್ಲಿ ಪೊಲೀಸಪ್ಪನೊಬ್ಬ ಕುಳಿತಿದ್ದ. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಎದುರಿಗಿದ್ದದ್ದು ಖಾಕಿ.

ಕಂಡಕ್ಟರನ ಮುಖ ನೋಡಿದೆ. "ಟವೆಲ್ಲಿಗಿ ಟಿಕೀಟ ಹರಿಯಂಗಿಲ್ರಿ ಸರ" ಎಂದು ಅವನು ಮುಂದೆ ಹೋದ. ಇದು ನನ್ನ ವ್ಯಾಪ್ತಿಗೆ ಬರುವುದಿಲ್ಲ ಎಂಬುದನ್ನು ಯಾವ ನ್ಯಾಯಾಧೀಶರೂ ಇಷ್ಟು ಚಿಕ್ಕದಾಗಿ ಹೇಳಿರಲಿಕ್ಕಿಲ್ಲ.

ಹಿಂದಿನ ಸೀಟಿನ ಬುರ್ಖಾದ ಹೆಣ್ಣುಮಗಳು ಎದ್ದು, "ಇಲ್ಲಿ ಕುಂದ್ರು ಬಾ ಅಮ್ಮಾ" ಎಂದಳು.

"ಒಲ್ಲೆವ್ವಾ, ನಂದು ಅಲ್ಲಿ ಅದ" ಎಂದು ಅವ್ವ ಟವೆಲ್ ತೋರಿಸಿದಳು. ಸರಳು ಹಿಡಿದು ನಿಂತೇಬಿಟ್ಟಳು.

ಭೀಮಾ ಸೇತುವೆ ದಾಟಿತು. ಬಸ್ಸು ಕುಲುಕಿದಾಗೆಲ್ಲ ಆ ಹೆಣ್ಣುಮಗಳು ಬಸ್ಸಿಗೆಲ್ಲ ಕೇಳುವಂತೆ, "ಕಾಲು ಭಾಳ ನೋಯಾಕತ್ತಾವೇನ್ ಅಮ್ಮಾ?" ಎನ್ನುತ್ತಿದ್ದಳು. ಪೊಲೀಸಪ್ಪ ಪಕ್ಕದವನಿಗೆ ತಂಬಾಕು ಚಾಚಿದ. ಬಾಯ್ತುಂಬ ಎಲೆ ಅಡಿಕೆ ಇಟ್ಟುಕೊಂಡೇ ಆ ಪಕ್ಕದವನು, "ಒಲ್ಲೆರಿ, ಬಿಟ್ಟೀನಿ" ಎಂದ. ಪಾಠದಲ್ಲಿ ಇದಕ್ಕೆ ದಿಗ್ಬಂಧನ ಎನ್ನುತ್ತೇವೆ. ಪೊಲೀಸಪ್ಪ ಸೆಕೆ ಎಂದರೂ ಯಾರೂ ಹೂಂಗುಟ್ಟಲಿಲ್ಲ. ಟವೆಲ್ ಮಾತ್ರ ಅವನ ಮೂಗಿನ ಮುಂದೆ ತೂಗುತ್ತಿತ್ತು.

ದೋರನಹಳ್ಳಿ ದಾಟಿ ಬಹಳ ಹೊತ್ತಾದ ಮೇಲೆ, "ನಿಂತ್ರ ಜರಾ ಗಾಳಿ ಬರ್ತದ" ಎಂದು ಯಾರಿಗೋ ಹೇಳಿದಂತೆ ಹೇಳಿ ಎದ್ದ. ತಪ್ಪಾಯಿತು ಎನ್ನಲಿಲ್ಲ. ದೇಶಗಳೂ ಅನ್ನುವುದಿಲ್ಲ.

ಅವ್ವ ಕುಳಿತಳು. ಅಷ್ಟರಲ್ಲಿ ಶಹಾಪುರದ ಗುಡ್ಡ ಕಂಡಿತು. ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು, ಅವ್ವ ಏಳಲಿಲ್ಲ.

"ಇಳಿಯವ್ವಾ, ಊರು ಬಂತು."

"ಬರ್ಲಿ ತಮ್ಮಾ. ನನ್ನ ಸೀಟಿನ್ಯಾಗ ನಾ ಜರಾ ಕುಂದರ್ತೀನಿ."

ಟವೆಲ್ಲನ್ನು ತೊಡೆಯ ಮೇಲೆ ಹಾಸಿಕೊಂಡು ಕುಳಿತೇ ಇದ್ದಳು. ಸೀಟಿ ಬಾಯಿಗಿಟ್ಟುಕೊಂಡಿದ್ದ ಕಂಡಕ್ಟರ್ ಅವಳ ಮುಖ ನೋಡಿ, ಊದದೆ ಕಾದ.